ಹಳೆಯ ಟಿ.ವಿ.ಯ ಋಣ ಯಾರ ಮೇಲೆ?

ದಸರೆಗೋ ಯುಗಾದಿಗೋ ಮನೆಗೆ ಸುಣ್ಣಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯುವುದು ವಾಡಿಕೆ. ಒಂದು ಕಾಲದಲ್ಲಿ ಹಾಗೆ ಇಳಿಯುತ್ತಿದ್ದುದು ತೂತುಬಿದ್ದ ಕೊಡಪಾನ, ಕಾಲು ಮುರಿದ ಮಣೆ, ತುಕ್ಕು ಹಿಡಿದ ಟ್ರಂಕು. ಈಗ ಅವುಗಳ ಜಾಗದಲ್ಲಿ ಬೆನ್ನು ಉಬ್ಬಿದ ಹಳೆಯ ಟಿ.ವಿ., ತಿರುಗದ ಮಿಕ್ಸಿ, ಹಾಡದ ಟೇಪ್‌ರೆಕಾರ್ಡರ್, ಡಬ್ಬಿ ತುಂಬ ಚಾರ್ಜರುಗಳು, ಯಾರಿಗೂ ಬೇಡವಾದ ನಾಲ್ಕೈದು ಮೊಬೈಲುಗಳು ಇರುತ್ತವೆ. ಅಷ್ಟರಲ್ಲಿ ಬೀದಿಯಲ್ಲಿ ಹಳೇ ಪೇಪರ್, ಹಳೇ ಕಬ್ಬಿಣದ ಕೂಗು ಕೇಳಿಸುತ್ತದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ಚೌಕಾಸಿ ನಡೆದು ನೂರೋ ಇನ್ನೂರೋ ರೂಪಾಯಿ ಮನೆಯವರ ಕೈಗೆ ಬರುತ್ತದೆ. ಟಿ.ವಿ. ತಳ್ಳುಗಾಡಿ ಏರುತ್ತದೆ. ಮನೆಯವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು.

ಟಿ.ವಿ.ಯ ಕಥೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಆ ಪೆಟ್ಟಿಗೆಯನ್ನು ಯಾರು ಒಡೆಯುತ್ತಾರೆ, ಎಲ್ಲಿ ಒಡೆಯುತ್ತಾರೆ, ಅದರೊಳಗಿನ ವಿಷ ಯಾರ ಮೈ ಸೇರುತ್ತದೆ, ಸರಿಯಾದ ರೀತಿಯಲ್ಲಿ ವಿಲೇವಾರಿ ಮಾಡುವುದಾದರೆ ಆ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳ ಸುತ್ತ ಕಳೆದ ಮೂರೂವರೆ ದಶಕಗಳಲ್ಲಿ ಒಂದು ದೊಡ್ಡ ಚರಿತ್ರೆಯೇ ಬೆಳೆದಿದೆ. ಹಳೆಯ ಉಪಕರಣವನ್ನು ಒಂದು ಪೈಸೆಯೂ ಕೊಡದೆ ಹಿಂತಿರುಗಿಸಬಹುದು ಎಂಬ ಇಂದಿನ ಸರಳ ಸೌಲಭ್ಯದ ಹಿಂದೆ ಸಮುದ್ರದಲ್ಲಿ ದಿಕ್ಕೆಟ್ಟು ಅಲೆದ ಹಡಗುಗಳಿವೆ, ಸ್ವೀಡನ್ನಿನ ಒಂದು ವರದಿಯಿದೆ, ಚೀನಾದ ಒಂದು ಪಟ್ಟಣದ ಮಕ್ಕಳ ಕಾಯಿಲೆಯಿದೆ, ಬೆಂಗಳೂರಿನ ಗುಜರಿ ಓಣಿಗಳಿವೆ.

ಏನನ್ನೂ ಎಸೆಯದ ಕಾಲ

ಕನ್ನಡ ನಾಡಿನ ಮನೆಗಳಲ್ಲಿ ವಸ್ತುವೊಂದನ್ನು ಎಸೆಯುವುದು ಬಹುಕಾಲ ಅಪರೂಪದ ಸಂಗತಿಯಾಗಿತ್ತು. ಹಿತ್ತಾಳೆ ಪಾತ್ರೆ ಮಾಸಿದರೆ ಕಲಾಯಿಯವನು ಬಂದು ತವರ ಬಳಿದುಕೊಡುತ್ತಿದ್ದ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬರುತ್ತಿದ್ದರು. ರದ್ದಿ ಕಾಗದ ದಿನಸಿ ಅಂಗಡಿಯ ಪೊಟ್ಟಣವಾಗುತ್ತಿತ್ತು. ಒಡೆದ ಕಬ್ಬಿಣ ಕುಲುಮೆಗೆ ಹೋಗಿ ಇನ್ನೊಂದು ರೂಪ ತಾಳುತ್ತಿತ್ತು. ಕಸವೆಂಬುದು ಹೆಚ್ಚಾಗಿ ತಿಪ್ಪೆಗೆ ಸೇರಿ ಗೊಬ್ಬರವಾಗುವ ಪದಾರ್ಥವೇ ಆಗಿತ್ತು.

ರೇಡಿಯೊ ಬಂದಾಗಲೂ ಈ ಪದ್ಧತಿ ಬದಲಾಗಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಕಾಲದಿಂದ ಮುಂದಿನ ನಾಲ್ಕೈದು ದಶಕಗಳವರೆಗೆ ರೇಡಿಯೊ ಮನೆಯ ಆಸ್ತಿಯಾಗಿತ್ತು. ವಾಲ್ವ್ ಸುಟ್ಟುಹೋದರೆ ವಾಲ್ವ್ ಬದಲಾಯಿಸಬೇಕೇ ಹೊರತು ರೇಡಿಯೊವನ್ನಲ್ಲ. ತಾಲ್ಲೂಕು ಕೇಂದ್ರದ ಪೇಟೆಬೀದಿಯಲ್ಲೊಂದು ರೇಡಿಯೊ ರಿಪೇರಿ ಅಂಗಡಿ ಇರುತ್ತಿತ್ತು. ಅಲ್ಲಿ ಬಿಚ್ಚಿಟ್ಟ ಹತ್ತು ಸೆಟ್ಟುಗಳ ಬಿಡಿಭಾಗಗಳಿಂದ ಹನ್ನೊಂದನೆಯದಕ್ಕೆ ಜೀವ ಬರುತ್ತಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ವಾಲ್ವ್, ಟ್ರಾನ್ಸಿಸ್ಟರ್‌ಗಳನ್ನೂ ಮುಂದೆ ಕಪ್ಪು ಬಿಳುಪು ಟಿ.ವಿ.ಯ ಪಿಕ್ಚರ್ ಟ್ಯೂಬನ್ನೂ ತಯಾರಿಸಿತು. ಸದರ್ ಪತ್ರಪ್ಪ ರಸ್ತೆ, ಅಂದರೆ ಜನರ ಬಾಯಲ್ಲಿ ಎಸ್.ಪಿ. ರೋಡ್, ಇಂಥ ಬಿಡಿಭಾಗಗಳ ಪೇಟೆಯಾಗಿ ಹೆಸರಾಯಿತು.

ಈ ವ್ಯವಸ್ಥೆಯ ನಡುವಿನ ಕೊಂಡಿಯೇ ಗುಜರಿಯವನು. ಅವನು ಕಸ ಒಯ್ಯುವವನಾಗಿರಲಿಲ್ಲ, ಮಾಲು ಕೊಳ್ಳುವ ವ್ಯಾಪಾರಿಯಾಗಿದ್ದ. ಮನೆಯವರು ಅವನಿಗೆ ಕೂಲಿ ಕೊಡಬೇಕಾಗಿರಲಿಲ್ಲ. ಅವನೇ ಮನೆಯವರಿಗೆ ದುಡ್ಡು ಕೊಡುತ್ತಿದ್ದ. ಭಾರತದ ಮಟ್ಟಿಗೆ ಇದು ಬಹಳ ಮುಖ್ಯವಾದ ಸಂಗತಿ. ಪಶ್ಚಿಮದ ದೇಶಗಳಲ್ಲಿ ಹಳೆಯ ಸಾಮಾನು ಮನೆಯಿಂದ ಹೊರಹೋಗಬೇಕಾದರೆ ಯಾರಿಗಾದರೂ ಖರ್ಚು ಬರುತ್ತದೆ. ಇಲ್ಲಿ ಅದು ವರಮಾನ. ಮುಂದೆ ಬಂದ ಕಾನೂನುಗಳೆಲ್ಲ ಎದುರಿಸಬೇಕಾಗಿ ಬಂದದ್ದು ಈ ವ್ಯತ್ಯಾಸವನ್ನೇ.

ಪೆಟ್ಟಿಗೆಯೊಳಗಿನ ವಿಷ

1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಭಾಗದ ಹಳ್ಳಿಗಳು ಟಿ.ವಿ. ಕಂಡವು. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಬಂತು. ಮರುವರ್ಷದ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. ನಂತರದ ಎರಡು ದಶಕಗಳಲ್ಲಿ ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್ ಒಂದರ ಹಿಂದೊಂದು ಮಧ್ಯಮ ವರ್ಗದ ಮನೆ ಹೊಕ್ಕವು. ಗುಜರಿಯವನ ತಕ್ಕಡಿ ಮಾತ್ರ ಹಳೆಯದೇ ಇತ್ತು. ಅದು ತೂಗುತ್ತಿದ್ದುದು ಕಬ್ಬಿಣ, ತಾಮ್ರ, ಹಿತ್ತಾಳೆಯನ್ನು. ಹೊಸ ಪೆಟ್ಟಿಗೆಗಳಲ್ಲಿದ್ದುದು ಬರೀ ಲೋಹವಲ್ಲ.

ಹಳೆಯ ಮಾದರಿಯ ಟಿ.ವಿ.ಯ ದಪ್ಪ ಗಾಜಿನ ಟ್ಯೂಬನ್ನೇ ನೋಡಬಹುದು. ಅದರೊಳಗೆ ಎಲೆಕ್ಟ್ರಾನುಗಳು ವೇಗವಾಗಿ ಬಂದು ಪರದೆಗೆ ಬಡಿಯುವಾಗ ಅಲ್ಪ ಪ್ರಮಾಣದ ಕ್ಷ-ಕಿರಣ ಹುಟ್ಟುತ್ತದೆ. ಅದು ನೋಡುವವರನ್ನು ತಾಕದಿರಲೆಂದು ಗಾಜಿಗೆ ಸೀಸ ಬೆರೆಸುತ್ತಿದ್ದರು. ಗಾತ್ರಕ್ಕೆ ತಕ್ಕಂತೆ ಒಂದು ಟ್ಯೂಬಿನಲ್ಲಿ ಒಂದೆರಡು ಕಿಲೋ ಸೀಸವೂ ಇರುತ್ತಿತ್ತು. ಟಿ.ವಿ. ಮನೆಯಲ್ಲಿರುವಷ್ಟು ದಿನ ಈ ಸೀಸ ರಕ್ಷಕ. ಟ್ಯೂಬನ್ನು ಕಲ್ಲಿನಿಂದ ಜಜ್ಜಿ ಒಳಗಿನ ತಾಮ್ರದ ಸುರುಳಿಯನ್ನು ಕಿತ್ತುಕೊಂಡ ಮೇಲೆ ಅದೇ ಸೀಸ ಚೂರುಚೂರಾಗಿ ಮಣ್ಣು, ನೀರು ಸೇರುತ್ತದೆ. ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲೂ ತವರದ ಜೊತೆ ಸೀಸವಿತ್ತು. ಚಪ್ಪಟೆ ಪರದೆಯ ಮೊದಲ ಪೀಳಿಗೆಯ ಟಿ.ವಿ.ಗಳಲ್ಲಿ ಬೆಳಕಿಗಾಗಿ ಇಟ್ಟ ಸಣ್ಣ ಕೊಳವೆಗಳಲ್ಲಿ ಪಾದರಸವಿತ್ತು. ಹಳೆಯ ಫ್ರಿಜ್ಜುಗಳಲ್ಲಿ ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲವಿತ್ತು.

ಇವೆಲ್ಲಕ್ಕಿಂತ ಅಪಾಯದ್ದು ಬೆಂಕಿ. ವೈರಿನ ಮೇಲಿನ ಪಿ.ವಿ.ಸಿ. ಹೊದಿಕೆಯನ್ನು ಕೈಯಿಂದ ಸುಲಿಯುವುದು ನಿಧಾನದ ಕೆಲಸ. ರಾಶಿ ಹಾಕಿ ಸುಟ್ಟರೆ ಅರೆಗಳಿಗೆಯಲ್ಲಿ ತಾಮ್ರ ಸಿಗುತ್ತದೆ. ಆದರೆ ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಅತಿ ವಿಷಕಾರಿ ಸಂಯುಕ್ತಗಳು ಹುಟ್ಟುತ್ತವೆ. ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವವರು ಉಳಿದ ಆಮ್ಲವನ್ನು ಚರಂಡಿಗೆ ಸುರಿಯುತ್ತಾರೆ. ಗುಜರಿಯವನು ಬಾಗಿಲಲ್ಲಿ ಕೊಟ್ಟ ಇನ್ನೂರು ರೂಪಾಯಿಯ ಲೆಕ್ಕದಲ್ಲಿ ಈ ಹೊಗೆಗೂ ಆಮ್ಲಕ್ಕೂ ಬೆಲೆ ಕಟ್ಟಿರುವುದಿಲ್ಲ. ಅದರ ಬೆಲೆಯನ್ನು ತೆರುವವರು ಬೇರೆಯವರು.

ದಿಕ್ಕೆಟ್ಟ ಹಡಗುಗಳು

ವಿಷದ ಬೆಲೆಯನ್ನು ಬೇರೆಯವರ ತಲೆಗೆ ಕಟ್ಟುವ ವಿದ್ಯೆಯನ್ನು ಜಗತ್ತು ಬಹಿರಂಗವಾಗಿ ಕಂಡದ್ದು 1980ರ ದಶಕದಲ್ಲಿ. ಅಮೆರಿಕದ ಫಿಲಡೆಲ್ಫಿಯಾ ನಗರದ ಕಸ ಸುಟ್ಟ ಬೂದಿಯನ್ನು ಹೇರಿಕೊಂಡು ಖಿಯಾನ್ ಸೀ ಎಂಬ ಹಡಗು 1986ರಲ್ಲಿ ಹೊರಟಿತು. ದೇಶದ ಮೇಲೆ ದೇಶ ಅದನ್ನು ದಡಕ್ಕೆ ಸೇರಿಸಲಿಲ್ಲ. 1988ರ ಆರಂಭದಲ್ಲಿ ಹೈಟಿಯ ಗೊನಾಯೀವ್ ಎಂಬಲ್ಲಿ ಸುಮಾರು 4,000 ಟನ್ ಬೂದಿಯನ್ನು ಸುರಿದು ಹಡಗು ಪರಾರಿಯಾಯಿತು. ಉಳಿದದ್ದು ಸಮುದ್ರದ ಪಾಲಾಯಿತು. ಅದೇ ವರ್ಷ ನೈಜೀರಿಯಾದ ಕೋಕೊ ಎಂಬ ಬಂದರು ಊರಿನಲ್ಲಿ ಇಟಲಿಯಿಂದ ಬಂದ ವಿಷದ ಪೀಪಾಯಿಗಳು ಪತ್ತೆಯಾದವು.

ಶ್ರೀಮಂತ ದೇಶಗಳಲ್ಲಿ ಪರಿಸರ ಕಾನೂನು ಬಿಗಿಯಾದಂತೆ ವಿಲೇವಾರಿಯ ಖರ್ಚು ಏರಿತು. ಖರ್ಚು ಏರಿದಂತೆ ಕಸ ಬಡ ದೇಶಗಳತ್ತ ಹರಿಯಿತು. ಈ ಹರಿವನ್ನು ತಡೆಯಲೆಂದೇ 1989ರ ಮಾರ್ಚಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಪ್ಪಂದವೊಂದು ಸಿದ್ಧವಾಯಿತು. ಅಪಾಯಕಾರಿ ತ್ಯಾಜ್ಯವನ್ನು ಇನ್ನೊಂದು ದೇಶಕ್ಕೆ ಕಳಿಸಬೇಕಾದರೆ ಆ ದೇಶದ ಲಿಖಿತ ಒಪ್ಪಿಗೆ ಬೇಕು ಎಂಬುದು ಅದರ ತಿರುಳು. 1992ರಲ್ಲಿ ಒಪ್ಪಂದ ಜಾರಿಗೆ ಬಂತು, ಭಾರತ ಅದೇ ವರ್ಷ ಸೇರಿತು. ಅಮೆರಿಕ ಸಹಿ ಹಾಕಿದರೂ ಅದನ್ನು ಅನುಮೋದಿಸಿಲ್ಲ.

ಸ್ವೀಡನ್ನಿನ ಒಂದು ವರದಿ

ಕಸ ಹೊರಗೆ ಹೋಗಬಾರದು ಎಂದ ಮೇಲೆ ಒಳಗೇ ಅದನ್ನು ಸಂಭಾಳಿಸುವ ಖರ್ಚು ಯಾರದು ಎಂಬ ಪ್ರಶ್ನೆ ಎದ್ದಿತು. ಅಲ್ಲಿಯವರೆಗೆ ಉತ್ತರ ಸುಲಭವಾಗಿತ್ತು. ಕಸ ನಗರಸಭೆಯದು, ಖರ್ಚು ತೆರಿಗೆದಾರನದು. 1990ರಲ್ಲಿ ಸ್ವೀಡನ್ನಿನ ಪರಿಸರ ಸಚಿವಾಲಯಕ್ಕೆ ಸಲ್ಲಿಸಿದ ವರದಿಯೊಂದರಲ್ಲಿ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಸಹೋದ್ಯೋಗಿ ಬೇರೆ ಉತ್ತರ ಕೊಟ್ಟರು. ವಸ್ತುವನ್ನು ತಯಾರಿಸಿ ಮಾರಿ ಲಾಭ ಮಾಡಿದವನ ಹೊಣೆ ಅಂಗಡಿಯ ಬಾಗಿಲಲ್ಲಿ ಮುಗಿಯಬಾರದು. ಆ ವಸ್ತು ಕೆಟ್ಟು ಮೂಲೆ ಸೇರುವವರೆಗೂ ಅದು ಮುಂದುವರಿಯಬೇಕು. ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂದು ಇಂದು ಕರೆಯುವ ತತ್ವ ಇದೇ.

ಇದರ ಹಿಂದೆ ಸರಳವಾದ ತರ್ಕವಿದೆ. ಟಿ.ವಿ.ಯೊಳಗೆ ಸೀಸ ಹಾಕಬೇಕೇ ಬೇಡವೇ, ತಿರುಪಿನಿಂದ ಬಿಗಿಯಬೇಕೇ ಅಂಟಿನಿಂದ ಅಂಟಿಸಬೇಕೇ ಎಂದು ತೀರ್ಮಾನಿಸುವವನು ಕೊಳ್ಳುವವನಲ್ಲ, ತಯಾರಿಸುವವನು. ಒಡೆಯುವ ಖರ್ಚು ತನ್ನ ತಲೆಗೇ ಬರುತ್ತದೆಂದು ಗೊತ್ತಾದರೆ ಆತ ಒಡೆಯಲು ಸುಲಭವಾಗುವಂತೆ, ವಿಷ ಕಡಿಮೆಯಿರುವಂತೆ ತಯಾರಿಸುತ್ತಾನೆ.

ತತ್ವ ಒಂದೇ ಆದರೂ ದೇಶಗಳು ಅದನ್ನು ಮೂರು ಬಗೆಯಲ್ಲಿ ಪ್ರಯೋಗಿಸಿದವು. ಸ್ವಿಟ್ಜರ್ಲೆಂಡಿನಲ್ಲಿ ಕಂಪ್ಯೂಟರ್ ಉದ್ಯಮದವರೇ 1994ರಲ್ಲಿ ಸಂಗ್ರಹ ವ್ಯವಸ್ಥೆ ಆರಂಭಿಸಿದರು. 1998ರ ಜುಲೈನಲ್ಲಿ ಸರ್ಕಾರದ ಆದೇಶ ಜಾರಿಗೆ ಬಂತು. ಅಲ್ಲಿ ಹೊಸ ಉಪಕರಣ ಕೊಳ್ಳುವಾಗಲೇ ಬೆಲೆಯ ಜೊತೆ ಚಿಕ್ಕದೊಂದು ಮರುಬಳಕೆ ಶುಲ್ಕ ಸೇರಿರುತ್ತದೆ. ಆಮೇಲೆ ಹಳೆಯದನ್ನು ಅಂಥ ಸಾಮಾನು ಮಾರುವ ಯಾವ ಅಂಗಡಿಗೆ ಕೊಂಡೊಯ್ದರೂ ಹಣ ಕೇಳದೆ ತೆಗೆದುಕೊಳ್ಳಲೇಬೇಕು.

ಜಪಾನ್ ಬೇರೆ ದಾರಿ ಹಿಡಿಯಿತು. 1998ರಲ್ಲಿ ಅಂಗೀಕಾರವಾಗಿ 2001ರ ಏಪ್ರಿಲ್‌ನಿಂದ ಜಾರಿಗೆ ಬಂದ ಅಲ್ಲಿನ ಕಾನೂನು ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್, ಹವಾನಿಯಂತ್ರಕಗಳಿಗೆ ಅನ್ವಯಿಸಿತು. ತಯಾರಕರು ಅವನ್ನು ಒಡೆದು ಸಂಸ್ಕರಿಸಬೇಕು, ಖರ್ಚನ್ನು ಮಾತ್ರ ಎಸೆಯುವವನೇ ಎಸೆಯುವ ಹೊತ್ತಿಗೆ ಕೊಡಬೇಕು. ಆರಂಭದಲ್ಲಿ ಟಿ.ವಿ.ಗೆ 2,700 ಯೆನ್, ಫ್ರಿಜ್ಜಿಗೆ 4,600 ಯೆನ್ ನಿಗದಿಯಾಯಿತು. ಸಂಸ್ಕರಣೆ ಅಚ್ಚುಕಟ್ಟಾಗಿ ನಡೆಯಿತು. ಆದರೆ ಶುಲ್ಕ ತಪ್ಪಿಸಲು ರಾತ್ರೋರಾತ್ರಿ ಬೆಟ್ಟದ ತಪ್ಪಲಿನಲ್ಲಿ, ಹಾದಿ ಬದಿಯಲ್ಲಿ ಹಳೆಯ ಟಿ.ವಿ. ಎಸೆದು ಹೋಗುವವರೂ ಹೆಚ್ಚಿದರು. ಶಿಸ್ತಿಗೆ ಹೆಸರಾದ ಸಮಾಜದಲ್ಲೂ ಕೊನೆಯ ಗಳಿಗೆಯಲ್ಲಿ ಕೇಳಿದ ಹಣ ಜನರನ್ನು ಅಡ್ಡದಾರಿಗೆ ಎಳೆಯಿತು.

ಐರೋಪ್ಯ ಒಕ್ಕೂಟ ಮೂರನೆಯ ದಾರಿ ಹಿಡಿಯಿತು. 2003ರಲ್ಲಿ ಅದು ಹೊರಡಿಸಿದ ನಿರ್ದೇಶನದಂತೆ 2005ರ ಆಗಸ್ಟ್ 13ರಿಂದ ಮನೆಮಂದಿ ಹಳೆಯ ಉಪಕರಣಗಳನ್ನು ಉಚಿತವಾಗಿ ಹಿಂತಿರುಗಿಸುವ ಏರ್ಪಾಡು ಇರಲೇಬೇಕಾಯಿತು. ಸಂಗ್ರಹ ಕೇಂದ್ರದಿಂದ ಮುಂದಿನ ಖರ್ಚು ತಯಾರಕರದು. ಅಡ್ಡಗೆರೆ ಎಳೆದ ಚಕ್ರದ ಕಸದ ಡಬ್ಬಿಯ ಚಿತ್ರ ಚಾರ್ಜರುಗಳ ಬೆನ್ನ ಮೇಲೆ ಕಾಣಿಸತೊಡಗಿದ್ದು ಇದೇ ಕಾನೂನಿನಿಂದ. ಇದನ್ನು ಮಾಮೂಲಿ ಕಸದ ಜೊತೆ ಹಾಕಬಾರದು ಎಂಬುದು ಅದರ ಅರ್ಥ. ಜೊತೆಗೇ ಬಂದ ಇನ್ನೊಂದು ಕಾನೂನು 2006ರ ಜುಲೈನಿಂದ ಹೊಸ ಉಪಕರಣಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದವುಗಳ ಬಳಕೆಗೆ ಕಡಿವಾಣ ಹಾಕಿತು.

ಗ್ವೀಯೂ ಪಟ್ಟಣದ ಮಕ್ಕಳು

ಕಾನೂನು ಬಂದ ಮೇಲೂ ಕಳ್ಳದಾರಿ ಮುಚ್ಚಲಿಲ್ಲ. ಕೆಟ್ಟ ಕಂಪ್ಯೂಟರುಗಳನ್ನು ‘ಬಳಸಿದ ಸಾಮಾನು’ ಎಂದೋ ‘ದಾನ’ ಎಂದೋ ಹೆಸರಿಸಿ ಹಡಗು ಹತ್ತಿಸುವುದು ಸುಲಭವಾಗಿತ್ತು. 2002ರಲ್ಲಿ ಬಾಸೆಲ್ ಆಕ್ಷನ್ ನೆಟ್‌ವರ್ಕ್ ಮುಂತಾದ ಸಂಸ್ಥೆಗಳು ಪ್ರಕಟಿಸಿದ ವರದಿಯೊಂದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗ್ವೀಯೂ ಎಂಬ ಪಟ್ಟಣವನ್ನು ಜಗತ್ತಿಗೆ ತೋರಿಸಿತು. ಅಲ್ಲಿ ಮನೆಯಂಗಳದಲ್ಲೇ ಕಲ್ಲಿದ್ದಲಿನ ಒಲೆಯ ಮೇಲೆ ಸರ್ಕ್ಯೂಟ್ ಬೋರ್ಡುಗಳನ್ನು ಕಾಯಿಸಿ ಬಿಡಿಭಾಗ ಕೀಳುತ್ತಿದ್ದರು, ಹೊಳೆಯ ದಂಡೆಯಲ್ಲಿ ಆಮ್ಲದಿಂದ ಚಿನ್ನ ತೆಗೆಯುತ್ತಿದ್ದರು.

2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗ್ವೀಯೂವಿನ ಒಂದರಿಂದ ಆರು ವರ್ಷದ 165 ಮಕ್ಕಳ ರಕ್ತವನ್ನು ಪರೀಕ್ಷಿಸಲಾಯಿತು. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸರಾಸರಿ 15.3 ಮೈಕ್ರೋಗ್ರಾಂ ಸೀಸ ಕಂಡುಬಂತು. ಆಗ ಅಪಾಯದ ಗಡಿಯೆಂದು ಭಾವಿಸಿದ್ದ 10 ಮೈಕ್ರೋಗ್ರಾಂ ಮಟ್ಟವನ್ನು ಪ್ರತಿ ಐವರಲ್ಲಿ ನಾಲ್ವರು ಮಕ್ಕಳು ದಾಟಿದ್ದರು. ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಆ ಹಾನಿ ಮುಂದೆ ತುಂಬಿಕೊಳ್ಳುವುದಿಲ್ಲ. ಸಾವಿರಾರು ಮೈಲಿ ದೂರದ ಮನೆಗಳಲ್ಲಿ ಯಾರೋ ನೋಡಿ ಬಿಟ್ಟ ಟಿ.ವಿ., ಬಳಸಿ ಬಿಟ್ಟ ಕಂಪ್ಯೂಟರಿನ ಬಾಕಿಯನ್ನು ತೀರಿಸಿದವರು ಈ ಮಕ್ಕಳು.

ಮುಂದೆ ಚೀನಾ ಸರ್ಕಾರ ಗ್ವೀಯೂವಿನ ಮನೆಗೆಲಸದ ಘಟಕಗಳನ್ನು ಕೈಗಾರಿಕಾ ವಲಯವೊಂದಕ್ಕೆ ಸ್ಥಳಾಂತರಿಸಿತು. ಬಾಸೆಲ್ ಒಪ್ಪಂದಕ್ಕೆ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ 2025ರ ಜನವರಿ 1ರಿಂದ ಅಪಾಯಕಾರಿಯಿರಲಿ ಇಲ್ಲದಿರಲಿ, ಎಲ್ಲ ಇ-ತ್ಯಾಜ್ಯದ ಸಾಗಣೆಗೂ ಪೂರ್ವಾನುಮತಿ ಕಡ್ಡಾಯವಾಗಿದೆ.

ಬೆಂಗಳೂರಿನ ಓಣಿಗಳು

ಭಾರತದ ಕಥೆ ಇದಕ್ಕಿಂತ ಭಿನ್ನವಲ್ಲ. ದೆಹಲಿಯ ಸೀಲಂಪುರದ ಗಲ್ಲಿಗಳಲ್ಲಿ ಕಂಪ್ಯೂಟರ್ ಒಡೆಯುವ ಕೆಲಸದ ಚಿತ್ರಗಳು 2000ದ ನಂತರ ಹೊರಬಂದವು. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿದ ಬೆಂಗಳೂರು ಹಳೆಯ ಕಂಪ್ಯೂಟರುಗಳ ರಾಜಧಾನಿಯೂ ಆಗುವುದರಲ್ಲಿತ್ತು. ಗುಜರಿಯ ಓಣಿಗಳಲ್ಲಿ ಮಾನಿಟರುಗಳ ರಾಶಿ ಬೆಳೆಯಿತು. ಪುಟ್ಟ ಕೋಣೆಗಳಲ್ಲಿ ಆಮ್ಲದ ತೊಟ್ಟಿಗಳು ಬಂದವು.

ಸ್ವಿಟ್ಜರ್ಲೆಂಡಿನ ಸಂಶೋಧಕರು 2006ರ ಸುಮಾರಿಗೆ ಬೆಂಗಳೂರಿನ ಈ ಚಿನ್ನ ತೆಗೆಯುವ ಕೆಲಸವನ್ನು ಹತ್ತಿರದಿಂದ ಅಳೆದು ನೋಡಿದರು. ಸರ್ಕ್ಯೂಟ್ ಬೋರ್ಡಿನಲ್ಲಿರುವ ಚಿನ್ನದಲ್ಲಿ ಸುಮಾರು ಕಾಲು ಭಾಗ ಮಾತ್ರ ಈ ವಿಧಾನದಲ್ಲಿ ಕೈಗೆ ಸಿಗುತ್ತದೆ, ಉಳಿದದ್ದು ಆಮ್ಲದ ಜೊತೆ ಚರಂಡಿ ಪಾಲಾಗುತ್ತದೆ ಎಂದು ಕಂಡುಬಂತು. ಆಧುನಿಕ ಕುಲುಮೆಗಳಲ್ಲಿ ಶೇ 95ರಷ್ಟು ಚಿನ್ನ ದೊರೆಯುತ್ತದೆ. ಅಂದರೆ ಕೆಲಸಗಾರ ತನ್ನ ಆರೋಗ್ಯವನ್ನು ಕೊಟ್ಟು ಕೊಂಡದ್ದು ಕಾಲುಪಾಲು ಚಿನ್ನ. ಆದರೆ ಅದೇ ಸಂಶೋಧಕರು ಇನ್ನೊಂದು ಮಾತನ್ನೂ ಮುಂದಿಟ್ಟರು. ಉಪಕರಣವನ್ನು ಕೈಯಿಂದ ಬಿಚ್ಚಿ ಕಬ್ಬಿಣ, ತಾಮ್ರ, ಪ್ಲಾಸ್ಟಿಕ್, ಬೋರ್ಡು ಎಂದು ವಿಂಗಡಿಸುವುದರಲ್ಲಿ ಇಲ್ಲಿನ ಕೈಗಳು ಬಹಳ ಪಳಗಿವೆ. ಬಿಚ್ಚುವ ಕೆಲಸ ಇಲ್ಲಿರಲಿ, ಕರಗಿಸುವ ಕೆಲಸ ಆಧುನಿಕ ಕುಲುಮೆಗೆ ಹೋಗಲಿ ಎಂಬುದು ಅವರ ಸಲಹೆಯ ಸಾರ.

ಆ ಹೊತ್ತಿಗೆ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಲ್ಲಿ ‘ಇ-ಪರಿಸರ’ ಎಂಬ ಘಟಕ ಆರಂಭವಾಗಿತ್ತು. ಸರ್ಕಾರದ ಅನುಮತಿ ಪಡೆದು ವೈಜ್ಞಾನಿಕ ರೀತಿಯಲ್ಲಿ ಇ-ತ್ಯಾಜ್ಯ ಸಂಸ್ಕರಿಸುವ ದೇಶದ ಮೊದಲ ಘಟಕವೆಂದು ಅದು ಹೆಸರಾಯಿತು. ಅನಂತರ ಇಂಥ ಘಟಕಗಳು ರಾಜ್ಯದಲ್ಲೂ ದೇಶದಲ್ಲೂ ಹೆಚ್ಚಿದವು. ಆದರೆ ಅವುಗಳಿಗೆ ಆರಂಭದಿಂದಲೂ ಕಾಡಿದ್ದು ಯಂತ್ರದ ಕೊರತೆಗಿಂತ ಹೆಚ್ಚಾಗಿ ಮಾಲಿನ ಕೊರತೆ. ಕಂಪನಿಗಳು ತಮ್ಮ ಹಳೆಯ ಕಂಪ್ಯೂಟರುಗಳನ್ನು ಕೊಟ್ಟವು, ಮನೆಗಳ ಟಿ.ವಿ., ಮಿಕ್ಸಿಗಳು ಮೊದಲಿನಂತೆ ತಳ್ಳುಗಾಡಿ ಏರಿದವು.

ಕಾನೂನು ಮತ್ತು ತಕ್ಕಡಿ

ಭಾರತದಲ್ಲಿ ಉತ್ಪಾದಕರ ಹೊಣೆಗಾರಿಕೆ ಬಂದದ್ದು 2011ರ ಇ-ತ್ಯಾಜ್ಯ ನಿಯಮಗಳ ಮೂಲಕ. ಅವು 2012ರ ಮೇ 1ರಿಂದ ಜಾರಿಗೆ ಬಂದವು. ತಯಾರಕರು ಸಂಗ್ರಹದ ಏರ್ಪಾಡು ಮಾಡಬೇಕೆಂದು ಅವು ಹೇಳಿದವು, ಎಷ್ಟು ಸಂಗ್ರಹಿಸಬೇಕೆಂದು ಹೇಳಲಿಲ್ಲ. 2016ರ ನಿಯಮಗಳು ವರ್ಷವಾರು ಗುರಿ ನಿಗದಿ ಮಾಡಿದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳು 106 ಬಗೆಯ ಉಪಕರಣಗಳನ್ನು ವ್ಯಾಪ್ತಿಗೆ ತಂದವು. ಮೊದಲ ಎರಡು ವರ್ಷ ಶೇ 60, ನಂತರದ ಎರಡು ವರ್ಷ ಶೇ 70, 2027–28ರಿಂದ ಶೇ 80ರಷ್ಟು ತ್ಯಾಜ್ಯದ ಹೊಣೆಯನ್ನು ಉತ್ಪಾದಕರು ಹೊರಬೇಕು. ನೋಂದಾಯಿತ ಮರುಬಳಕೆ ಘಟಕಗಳು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣವನ್ನು ಹೊರತೆಗೆದ ಲೆಕ್ಕದ ಮೇಲೆ ಪ್ರಮಾಣಪತ್ರ ಪಡೆಯುತ್ತವೆ. ಉತ್ಪಾದಕರು ಆ ಪ್ರಮಾಣಪತ್ರಗಳನ್ನು ಹಣ ಕೊಟ್ಟು ಕೊಂಡು ತಮ್ಮ ಗುರಿ ತುಂಬಿಸುತ್ತಾರೆ. ಮನೆಯವರಿಂದ ಉಚಿತವಾಗಿ ಪಡೆದ ಟಿ.ವಿ.ಯ ಸಂಸ್ಕರಣೆಗೆ ಹಣ ಹರಿದುಬರಬೇಕಾದ ಕಾಲುವೆ ಇದೇ.

ಈ ಕಾಲುವೆಯಲ್ಲಿ ಎಷ್ಟು ನೀರು ಹರಿಯಬೇಕು ಎಂಬುದೇ ಈಗಿನ ಜಗಳ. ಪ್ರಮಾಣಪತ್ರದ ಬೆಲೆ ತೀರ ಕೆಳಗಿಳಿದರೆ ಘಟಕಗಳು ಗುಜರಿಯವನಿಗಿಂತ ಒಳ್ಳೆಯ ಬೆಲೆ ಕೊಟ್ಟು ಮಾಲು ತರಲಾರವು. 2024ರಲ್ಲಿ ಕೇಂದ್ರ ಸರ್ಕಾರ ಗೃಹೋಪಯೋಗಿ ಉಪಕರಣಗಳಿಗೆ ಕಿಲೋಗೆ 22 ರೂಪಾಯಿಯ ಕನಿಷ್ಠ ದರ ಗೊತ್ತುಮಾಡಿತು. ಇದು ತಮಗೆ ಭಾರವೆಂದು ಹಲವು ದೊಡ್ಡ ಉತ್ಪಾದಕರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. 1990ರ ಸ್ವೀಡನ್ ವರದಿ ಎತ್ತಿದ ಪ್ರಶ್ನೆ ಮೂರು ದಶಕ ದಾಟಿ ಭಾರತದ ನ್ಯಾಯಾಲಯದ ಕಟಕಟೆಗೆ ಬಂದು ನಿಂತಿತು.

ಹೊಸ ನಿಯಮಗಳಲ್ಲಿ ಇನ್ನೊಂದು ಕೊರತೆಯನ್ನು ಗುರುತಿಸಬಹುದು. ನೋಂದಣಿಯಿರುವುದು ತಯಾರಕ, ಉತ್ಪಾದಕ, ದುರಸ್ತಿ ಮಾಡಿ ಮಾರುವವ, ಮರುಬಳಕೆ ಘಟಕ ಎಂಬ ನಾಲ್ವರಿಗೆ. ಬಾಗಿಲಿಗೆ ಬಂದು ಮಾಲು ಎತ್ತುವ ಗುಜರಿಯವನಿಗೆ ಅದರಲ್ಲಿ ಹೆಸರಿಲ್ಲ. ಅವನನ್ನು ಕಳ್ಳನಂತೆ ಕಾಣುವುದೂ ಸರಿಯಲ್ಲ, ಅವನಿಲ್ಲದೆ ಮನೆಮನೆಯ ಸಂಗ್ರಹ ನಡೆಯುತ್ತದೆಂಬುದೂ ಸುಳ್ಳು. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ 2011ರಿಂದ ಪಾಲಿಕೆ ಗುರುತಿನ ಚೀಟಿ ಕೊಡತೊಡಗಿದ್ದು, ಹಸಿರು ದಳದಂಥ ಸಂಘಟನೆಗಳು ಬೆಳೆದದ್ದು, ವಾರ್ಡುಗಳ ಒಣಕಸ ಕೇಂದ್ರಗಳನ್ನು ಆ ಸಮುದಾಯದವರೇ ನಡೆಸಿದ್ದು ಬೇರೆ ದಾರಿಯೂ ಇದೆಯೆಂದು ತೋರಿಸಿಕೊಟ್ಟವು. ಅವರು ಸಂಗ್ರಹಿಸಲಿ, ಬಿಚ್ಚಲಿ, ನ್ಯಾಯವಾದ ಬೆಲೆ ಪಡೆಯಲಿ. ಬೆಂಕಿ ಮತ್ತು ಆಮ್ಲ ಮಾತ್ರ ಅವರ ಮನೆಯಂಗಳದಿಂದ ದೂರವಾಗಲಿ ಎಂಬುದು ಈ ಕ್ಷೇತ್ರದಲ್ಲಿ ದುಡಿದವರ ಬೇಡಿಕೆ.

ಅಟ್ಟದ ಮೇಲಿನ ಚಿನ್ನದ ಗಣಿ

2001ರ ಫೆಬ್ರುವರಿ 28ರಂದು ಕೋಲಾರ ಚಿನ್ನದ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಅಗೆದು ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದ ಮೇಲೆ ಟನ್ ಅದಿರಿಗೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿತ್ತು. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಸುಮಾರು 300 ಗ್ರಾಂ ಚಿನ್ನವಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಟೋಕಿಯೊ ಒಲಿಂಪಿಕ್ಸಿನ ಸಂಘಟಕರು ಮಾಡಿದ್ದು ಇದನ್ನೇ. 2017ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಜಪಾನಿನ ಜನ 62 ಲಕ್ಷ ಮೊಬೈಲುಗಳನ್ನೂ, ಸ್ಥಳೀಯ ಆಡಳಿತಗಳು ಸಂಗ್ರಹಿಸಿದ ಸುಮಾರು 79,000 ಟನ್ ಸಣ್ಣ ಉಪಕರಣಗಳನ್ನೂ ಒಪ್ಪಿಸಿದರು. ಅವುಗಳಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ದೊರೆತವು. 2021ರಲ್ಲಿ ನಡೆದ ಆ ಕ್ರೀಡಾಕೂಟದ ಸುಮಾರು 5,000 ಪದಕಗಳೂ ಇದೇ ಲೋಹದವು. ಹಳೆಯ ಟಿ.ವಿ.ಗೆ ಶುಲ್ಕ ಕೇಳಿದಾಗ ಹಾದಿ ಬದಿಗೆ ಎಸೆದ ದೇಶದಲ್ಲೇ, ಹಣ ಕೇಳದೆ ಕೈಯೊಡ್ಡಿದಾಗ ಜನ ಮನೆಯ ಮೂಲೆಗಳನ್ನು ತಡಕಿ ಕೊಟ್ಟರು ಎಂಬುದು ಗಮನಿಸಬೇಕಾದ ಅಂಶ.

ಆದರೂ ಒಟ್ಟು ಲೆಕ್ಕ ಆಶಾದಾಯಕವಾಗಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಉಂಟುಮಾಡಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದೆಂದು ಲೆಕ್ಕಕ್ಕೆ ಸಿಕ್ಕಿದ್ದು ಶೇ 22.3 ಮಾತ್ರ.

ಮನೆಯವರ ಪಾಲು

ಇಷ್ಟೆಲ್ಲ ಚರಿತ್ರೆಯ ಕೊನೆಗೆ ಮನೆಯವರಿಗೆ ಉಳಿದಿರುವುದು ಸಣ್ಣ ಕೆಲಸ. ರಿಪೇರಿಯಾಗುವುದನ್ನು ರಿಪೇರಿ ಮಾಡಿಸುವುದು ಎಲ್ಲಕ್ಕಿಂತ ಮೇಲು. ಕೆಲಸ ಮಾಡುವ ಸ್ಥಿತಿಯಲ್ಲಿರುವುದನ್ನು ಬೇಕಾದವರಿಗೆ ಕೊಡಬಹುದು. ಯಾವುದಕ್ಕೂ ಬಾರದ್ದನ್ನು ಆ ಹೆಸರಿನ ಕಂಪನಿಯ ಗ್ರಾಹಕ ಸೇವೆಗೆ ದೂರವಾಣಿ ಮಾಡಿ ಹಿಂಪಡೆಯಲು ಕೇಳಬಹುದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಅದು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಬಹುದು. ನೋಂದಾಯಿತ ಮರುಬಳಕೆ ಘಟಕಗಳ ವಿವರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ದೊರೆಯುತ್ತದೆ. ಕೊಡುವ ಮುನ್ನ ಮೊಬೈಲು, ಕಂಪ್ಯೂಟರಿನಲ್ಲಿರುವ ಚಿತ್ರ, ಖಾತೆ, ಗುಪ್ತ ಸಂಖ್ಯೆಗಳನ್ನು ಅಳಿಸಿ, ಸಿಮ್ ತೆಗೆಯಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಹಸಿ ಕಸದ ಜೊತೆಗಾಗಲಿ ಒಣ ಕಸದ ಜೊತೆಗಾಗಲಿ ಹಾಕಬಾರದು. ಲಾರಿಯಲ್ಲಿ ಒತ್ತಿದಾಗ ಅದು ಹೊತ್ತಿಕೊಳ್ಳುತ್ತದೆ. ಹಳೆಯ ಟಿ.ವಿ.ಯ ಟ್ಯೂಬನ್ನು ಒಡೆಯದೆ ಇಡಿಯಾಗಿ ಕೊಡಬೇಕು. ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಬೇಕು.

ಇದಕ್ಕೆ ಮನೆಯವರು ಖರ್ಚು ಮಾಡಬೇಕಾಗಿಲ್ಲ. ಗುಜರಿಯವನು ಕೊಡುವ ಇನ್ನೂರು ರೂಪಾಯಿಯನ್ನು ಬಿಡಬೇಕಾಗಬಹುದು, ಅಷ್ಟೆ. ಆ ಇನ್ನೂರು ರೂಪಾಯಿ ಎಲ್ಲಿಂದ ಬರುತ್ತದೆ, ಯಾವ ಓಣಿಯ ಯಾವ ಮಗುವಿನ ಲೆಕ್ಕದಿಂದ ಬರುತ್ತದೆ ಎಂಬುದು ಈಗ ಗೊತ್ತಿಲ್ಲದ ಸಂಗತಿಯೇನಲ್ಲ. ವರ್ಷಗಟ್ಟಲೆ ಮನೆಮಂದಿಯನ್ನು ನಗಿಸಿ ಅಳಿಸಿದ ಪೆಟ್ಟಿಗೆಯ ಋಣವನ್ನು ತೀರಿಸಬೇಕಾದವರು ಅದನ್ನು ಮಾಡಿ ಮಾರಿದವರು ಎಂದು ಕಾನೂನು ಹೇಳುತ್ತದೆ. ಆದರೆ ಆ ಪೆಟ್ಟಿಗೆ ಸರಿಯಾದ ಕೈ ಸೇರಿದರೆ ಮಾತ್ರ ಕಾನೂನಿನ ಮಾತು ನಡೆಯುತ್ತದೆ. ಯಾವ ಕೈಗೆ ಕೊಡಬೇಕೆಂಬ ತೀರ್ಮಾನ ಮಾತ್ರ ಇಂದಿಗೂ ಮನೆಯ ಬಾಗಿಲಲ್ಲೇ ಆಗುತ್ತದೆ.